ಕೊಡುವ ಕೈ

ನೈಜೀರಿಯದ ನಾಟಕಕಾರ ವೋಲೆ ಸೋಯಿಂಕಾ ಅವರ ‘ಕೊಂಗಿಯ ಸುಗ್ಗಿ’ ಮೊದಲು ರಂಗವನ್ನೇರಿದ್ದು 1965ರಲ್ಲಿ. ಕಲ್ಪಿತ ದೇಶವೊಂದರ ಸರ್ವಾಧಿಕಾರಿ ಕೊಂಗಿಗೆ ಸೆರೆಮನೆ, ಹೊಗಳುಭಟ್ಟರು ಯಾವುದಕ್ಕೂ ಕೊರತೆಯಿಲ್ಲ. ಕೊರತೆಯೆಲ್ಲ ಒಂದು ಗೆಣಸಿನದು. ಸುಗ್ಗಿಯ ಹೊಸ ಗೆಣಸನ್ನು ಪದಚ್ಯುತನಾದ ಅರಸನು ಕೈಯಾರೆ ತಂದೊಪ್ಪಿಸಬೇಕು, ನಾಡಿಗೆ ಅನ್ನವಿತ್ತವನು ಕೊಂಗಿಯೇ ಎಂದು ಜನ ನಂಬಬೇಕು. ಕಡೆಗೆ ಅವನ ಮುಂದೆ ಬರುವ ಹರಿವಾಣದಲ್ಲಿರುವುದು ಗೆಣಸಲ್ಲ, ಅವನ ವಿರೋಧಿಯಾಗಿ ಹತನಾದವನ ರುಂಡ.

ಪ್ರೇಕ್ಷಕನ ಕೆಲಸ ಇಲ್ಲಿ ಸುಲಭ. ಕೊಂಗಿ ಏನನ್ನೂ ಕೊಟ್ಟವನಲ್ಲ. ನಿಜವಾಗಿಯೂ ಕೊಟ್ಟಿದ್ದರೆ? ಆ ನಾಟಕಕ್ಕೆ ಹುಣಸೂರಿಗೇ ಬರಬೇಕು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದರು. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ, ಗೇಣಿದಾರನು ಉಳುತ್ತಿದ್ದ ನೆಲವನ್ನು ಅವನದಾಗಿಸಲು ಹೊರಟಿತು. ಅದಕ್ಕೆಂದೇ ಭೂನ್ಯಾಯಮಂಡಲಿಗಳು ಏರ್ಪಟ್ಟವು. ಉಪವಿಭಾಗಾಧಿಕಾರಿಯ ಜೊತೆಗೆ ನಾಲ್ವರು ಸದಸ್ಯರು. ಅವರಲ್ಲೊಬ್ಬರು ಪರಿಶಿಷ್ಟ ಜಾತಿ ಅಥವಾ ವರ್ಗದವರು. ಮೊದಲಿಗೆ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಧಣಿಯೆದುರು ತಲೆಯೆತ್ತಲಾರದ ಒಕ್ಕಲಿಗೂ ತನ್ನ ಉಳುಮೆಯ ಕಥೆಯನ್ನು ತಾನೇ ಹೇಳುವ ಅವಕಾಶ ಬಂತು. ಆದರೆ ಆ ನಾಲ್ಕು ಕುರ್ಚಿಗಳನ್ನು ತುಂಬುತ್ತಿದ್ದುದು ಸರಕಾರ. ನ್ಯಾಯವೂ ಕೃಪೆಯೂ ಒಂದೇ ಮೇಜಿನ ಮೇಲೆ ಬಡಿಸಿದಂತಾಯಿತು!

1977ರ ಮೇ 18ರಂದು ರಾಜ್ಯ ಸರಕಾರ ತನ್ನ ಆಡಳಿತದ ಮೇಲಣ ಆರೋಪಗಳ ವಿಚಾರಣೆಗೆ ತಾನೇ ಒಂದು ಆಯೋಗವನ್ನು ನೇಮಿಸಿತು. 23ರಂದು ಕೇಂದ್ರದ ಜನತಾ ಸರಕಾರ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಅವರ ಆಯೋಗವನ್ನು ನೇಮಿಸಿತು. ಐದು ದಿನಗಳಲ್ಲಿ ಎರಡು ಆಯೋಗ. ಪ್ರಹಸನಕಾರನಿಗೆ ಇನ್ನೇನು ಬೇಕು? ರಾಜ್ಯವು ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಗ್ರೋವರ್ ಆಯೋಗದ ಮುಂದಿದ್ದ ಆರೋಪಗಳಲ್ಲಿ, ಚಿತ್ರನಟ ಸಹೋದರ ಕೆಂಪರಾಜ ಅರಸರಿಗೆ ಸರಕಾರದ ಚಲನಚಿತ್ರ ನಿಗಮದ ಹುದ್ದೆ ದೊರೆತುದೂ ಒಂದು. ಕೆಲವು ಆರೋಪಗಳು ಸಾಬೀತಾದುವೆಂದು ಆಯೋಗ ಹೇಳಿತು. ಮತದಾರರಾದರೋ 1978ರ ಫೆಬ್ರವರಿಯಲ್ಲಿ ಅರಸರನ್ನೇ ಮತ್ತೆ ಅಧಿಕಾರಕ್ಕೆ ತಂದರು.

ಮತದಾರರು ಮೋಸಹೋದರೆನ್ನುವುದು ಪಟ್ಟಣದ ಅಹಂಕಾರ. ಅವರಿಗೆ ನೆಲ ಸಿಕ್ಕಿದ್ದು ಸುಳ್ಳಲ್ಲ. ತೊಡಕಿರುವುದು ಬೇರೆಡೆ: ಉತ್ತವನಿಗೆ ಹಕ್ಕಾಗಿ ಸಲ್ಲಬೇಕಾದುದು ಒಬ್ಬರ ಔದಾರ್ಯವೆಂಬಂತೆ ಸಂದಿತು, ಔದಾರ್ಯವೆಂದ ಮೇಲೆ ಕೊಟ್ಟವರ ಲೆಕ್ಕ ಕೇಳಲು ನಾಲಗೆ ಏಳದು. ಸೋಯಿಂಕಾ ಅವರ ನಾಟಕದಲ್ಲಿ ಇಂಥವನಿಗೆ ಪಾತ್ರವಿಲ್ಲ. ಹುಣಸೂರಿನ ನಾಟಕವನ್ನು ಬರೆಯುವವರು ಮೊದಲು ಅವನನ್ನೇ ರಂಗಕ್ಕೆ ತರಬೇಕಾದೀತು: ಮಡಿಲಲ್ಲಿ ಹಕ್ಕುಪತ್ರ, ಮುಂದೆ ಕುಳಿತು ಆಯೋಗದ ವರದಿಯನ್ನು ಗಟ್ಟಿಯಾಗಿ ಓದುತ್ತಿರುವ ಕಾಲೇಜು ಕಲಿತ ಮಗ.