ನಹ್ಲ್ ಓದುವ ನಾವು ಜೇನನ್ನು ಗುರುತಿಸಬಲ್ಲೆವೇ?

ಕಳೆದ ಬೇಸಿಗೆಯಲ್ಲಿ ನೀಲಗುಂದದ ನಮ್ಮ ಹಿತ್ತಲಿನ ನಿಂಬೆಗಿಡದ ರೆಂಬೆಯಲ್ಲಿ ಅಂಗೈಯಗಲದ ಹುಟ್ಟೊಂದು ಕಾಣಿಸಿತು. ಮಕ್ಕಳಿಗೆ ಕಚ್ಚೀತೆಂದು ಹೆದರಿ ಸಂಜೆ ಅದನ್ನು ಸುಡಿಸಿದವರು ನಾವೇ. ಮರುದಿನ ಮದ್ರಸದಲ್ಲಿ ಪವಿತ್ರ ಕುರ್‌ಆನಿನ 16ನೇ ಅಧ್ಯಾಯ ‘ಅನ್ನಹ್ಲ್’ನ ಪಾಠ. “ಹಜ್ರತ್, ನಿನ್ನೆ ಸುಟ್ಟಿದ್ದು ಇದೇ ನಹ್ಲ್ ಅಲ್ಲವೇ?” ಎಂದು ಹುಡುಗನೊಬ್ಬ ಕೇಳಿದ. ಜೇನೂ ಸೇರಿದಂತೆ ನಾಲ್ಕು ಜೀವಿಗಳನ್ನು ಕೊಲ್ಲುವುದನ್ನು ಪ್ರವಾದಿ(ಸ) ನಿಷೇಧಿಸಿದ ಹದೀಸನ್ನು ಅದೇ ಮಕ್ಕಳಿಗೆ ಕಲಿಸಿದವರೂ ನಾವೇ.

ನಮಗೆ ಕೊರತೆಯಾದದ್ದು ಭಕ್ತಿಯಲ್ಲ, ಪರಿಚಯ. ಮನೆಮಾತಿನಲ್ಲಿ ನಾವು ಜೇನನ್ನು ‘ಶಹದ್ ಕೀ ಮಖ್ಖಿ’ ಎಂದು ನೊಣದ ಲೆಕ್ಕಕ್ಕೇ ಸೇರಿಸಿದ್ದೇವೆ. ಕನ್ನಡವೋ ಒಂದೊಂದಕ್ಕೂ ಹೆಸರಿಟ್ಟಿದೆ. ನಾವು ಸುಡಿಸಿದ್ದು ಕಡ್ಡಿಜೇನು. ಕೋಲುಜೇನು ಎಂದೂ ಕರೆಯುವ, ರೆಂಬೆಗೆ ಒಂದೇ ಎರಿ ಕಟ್ಟುವ ಪುಟ್ಟ ಜೀವಿ. ದೂರವಿರಬೇಕಾದದ್ದು ಬಂಡೆಗಳಲ್ಲಿ, ಎತ್ತರದ ಮರಗಳಲ್ಲಿ ದೊಡ್ಡ ಎರಿ ತೂಗುಹಾಕುವ ಹೆಜ್ಜೇನಿನಿಂದ. ಮರದ ಪೊಟರೆಯ ಕತ್ತಲಲ್ಲಿ ಸಾಲುಸಾಲು ಎರಿ ಕಟ್ಟುವುದು ತುಡುವೆ. ಹಳೆಯ ಗೋಡೆಯ ಸಂದಿನಿಂದ ಮೇಣದ ಕೊಳವೆ ಚಾಚಿರುವುದು ಚುಚ್ಚಲು ಬಾರದ ನಸರಿ ಜೇನು. ಬೆಟ್ಟ, ಮರ, ಮನುಷ್ಯ ಕಟ್ಟಿದ್ದು: 68ನೇ ವಚನ ಹೇಳುವ ಮೂರೂ ನೆಲೆಗಳು ಇಲ್ಲೇ ಇವೆಯಲ್ಲ! ಆ ವಚನದಲ್ಲಿ ಜೇನಿಗೆ ನೀಡಿದ ಆಜ್ಞೆ ಅರಬಿಯಲ್ಲಿ ಸ್ತ್ರೀಲಿಂಗದಲ್ಲಿದೆ. ಗೂಡು ಕಟ್ಟುವುದೂ ಮಕರಂದ ತರುವುದೂ ಹೆಣ್ಣುಜೇನುಗಳೇ.

ಜೇನಲ್ಲದವುಗಳ ಗುರುತೂ ಬೇಕು. ಕಣಜದ ಸೊಂಟ ಸಪೂರ, ಮೈಯಲ್ಲಿ ರೋಮ ವಿರಳ. ಹಳದಿ ಪಟ್ಟೆಯಿದ್ದರೂ ಎರಡೇ ರೆಕ್ಕೆಯಿದ್ದರೆ ಅದು ಹೂನೊಣ, ಜೇನಿಗೆ ನಾಲ್ಕು. ಒಣಮರ ಕೊರೆಯುವ ಕಪ್ಪು ದುಂಬಿಯನ್ನು ಕಂಡರೆ ನಮ್ಮ ಹೆಂಗಸರು ಪೊರಕೆ ಎತ್ತುತ್ತಾರೆ. ಆದರೆ ಬದನೆ, ಟೊಮೆಟೊ ಹೂವಿನ ಪರಾಗ ಕೊಳವೆಯಂಥ ಕೇಸರದೊಳಗೆ ಅಡಗಿರುತ್ತದೆ. ಹೂವನ್ನು ಅಪ್ಪಿ ಮೈ ನಡುಗಿಸಿ ಅದನ್ನು ಉದುರಿಸುವ ವಿದ್ಯೆ ದುಂಬಿಗಿದೆ, ತುಡುವೆಗಿಲ್ಲ.

ಹರಪನಹಳ್ಳಿಯ ಈ ಸೀಮೆಯಲ್ಲಿ ಎಲ್ಲೆಲ್ಲೂ ಮೆಕ್ಕೆಜೋಳ. ಅದು ಗಾಳಿಯನ್ನು ನಂಬಿದ ಬೆಳೆ, ಹೂವಿನಲ್ಲಿ ಮಕರಂದವಿಲ್ಲ. ಹಾಗಾಗಿ ಹಿತ್ತಲಿನ ತುಳಸಿ, ನುಗ್ಗೆ, ನಿಂಬೆಗಳೇ ಜೇನಿಗೆ ಆಸರೆ. ಅನ್ನಹ್ಲ್ ಅಧ್ಯಾಯದ ಪಾಠವನ್ನು ಮದ್ರಸಗಳು ಒಂದು ದಿನವಾದರೂ ಹಿತ್ತಲಲ್ಲಿ ನಡೆಸಬೇಕೆಂಬುದು ನಮ್ಮ ಅಭಿಪ್ರಾಯ. ಪಠ್ಯ ಮುಗಿಯುವುದಿಲ್ಲವೆಂಬ ಆಕ್ಷೇಪ ಬರುತ್ತದೆ, ಬರಲಿ.

ನಿಂಬೆಗಿಡಕ್ಕೆ ಕಡ್ಡಿಜೇನು ಇನ್ನೂ ಮರಳಿಲ್ಲ. ಪ್ರಶ್ನೆ ಕೇಳಿದ ಹುಡುಗ ಮಾತ್ರ ಬಂದಾಗಲೆಲ್ಲ ಆ ರೆಂಬೆಯನ್ನು ನೋಡಿಕೊಂಡೇ ಒಳಬರುತ್ತಾನೆ.