‘ಇಸ್ಕೂಲ್’ ಅಂದ್ರೆ ನಗು ಯಾಕೆ?

ಮೂಡಲಗಿ ಕಡೆಯ ಹುಡುಗರಿಗೆ ಇಂಗ್ಲಿಷ್ ಬರೋದಿಲ್ಲ ಅಂತ ಬೆಂಗಳೂರಿನ ಆಫೀಸುಗಳಲ್ಲಿ ಸುಲಭವಾಗಿ ಹೇಳಿಬಿಡ್ತೀವಿ. ಓದಿದರೆ ತಿಳೀತದೆ, ಬರೀತಾರೆ, ಪಾಸೂ ಆಗ್ತಾರೆ. ಬಾಯಿಗೆ ಮಾತ್ರ ಬರೋದಿಲ್ಲ. ಯಾಕೆ?

ಭಾಷೆ ಕಲಿಯೋ ಶಕ್ತಿ ಕಡಿಮೆ ಅಂತೀರಾ? ಹಾಗಾದರೆ ಬೆಳಗಾವಿ ಜಿಲ್ಲೆಯ ಯಾವುದಾದರೂ ಸಂತೆಗೆ ಬನ್ನಿ. ಮನೆಯಲ್ಲಿ ಕನ್ನಡ ಆಡೋ ಹುಡುಗ ಮರಾಠಿಯಲ್ಲಿ ಚೌಕಾಸಿ ಮಾಡ್ತಾನೆ, ಗ್ಯಾರೇಜಿನಲ್ಲಿ ಹಿಂದಿ-ಉರ್ದು ಬೆರೆಸಿ ಮಾತಾಡ್ತಾನೆ. ಅಲ್ಲಿ ವ್ಯಾಕರಣ ತಪ್ಪಿದರೆ ಯಾರೂ ನಗೋದಿಲ್ಲ. ವ್ಯವಹಾರ ಕುದುರಿದರೆ ಸಾಕು. ಅದೇ ಹುಡುಗ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಎದ್ದು ನಿಂತು ‘ಇಸ್ಕೂಲ್’ ಅಂದರೆ ಇಡೀ ತರಗತಿ ಗೊಳ್ ಅನ್ನುತ್ತದೆ. ಕೆಲವೊಮ್ಮೆ ಮಾಸ್ತರರೂ ನಗ್ತಾರೆ. ಮರುದಿನದಿಂದ ಅವನು ಹಿಂದಿನ ಬೆಂಚಿನ ಮೌನಿ.

ಇದು ಮೂಡಲಗಿಯ ಮಕ್ಕಳಿಗಷ್ಟೇ ಬಂದ ರೋಗವಲ್ಲ. 1986ರಲ್ಲೇ ಅಮೆರಿಕದ ಎಲೇನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಪರಭಾಷೆಯ ತರಗತಿಯಲ್ಲಿ ಹುಟ್ಟೋ ಅಂಜಿಕೆಯನ್ನು ಅಳೆಯಲು 33 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದರು. ಬೇರೆಯವರು ನನ್ನನ್ನು ಹೇಗೆ ಅಳೆದಾರು ಅನ್ನೋ ಭಯ ಅದರ ಒಂದು ಮುಖ್ಯ ಎಳೆ.

ನಮ್ಮ ವ್ಯವಸ್ಥೆ ಈ ಭಯಕ್ಕೆ ಏನು ಮಾಡಿತು? 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸ್ತಾರೆ. ಆದರೆ ಎಸ್ಸೆಸ್ಸೆಲ್ಸಿ ಬೋರ್ಡಿನ 80 ಅಂಕದ ಪರೀಕ್ಷೆ ಪೂರ್ತಿ ಬರವಣಿಗೆ. ಹತ್ತು ವರ್ಷ ಕಲಿತವನು ಬಾಯಿ ತೆರೆಯದೆಯೇ ಆ ಪರೀಕ್ಷೆ ದಾಟಬಹುದು. ಆಮೇಲೆ ಒಂದು ದಿನ ಇಂಟರ್‌ವ್ಯೂ ಕೋಣೆಯಲ್ಲಿ ‘ನಿನ್ನ ಬಗ್ಗೆ ಹೇಳು’ ಅಂತೀವಿ. ಈಜು ಕಲಿಸದೆ ಬಾವಿಗೆ ನೂಕೋದು ಅಂದ್ರೆ ಇದೇ.

ಎಲ್ಲಾ ಇಂಗ್ಲಿಷ್ ಮಾಧ್ಯಮ ಮಾಡಿಬಿಡಿ ಅನ್ನೋರಿದ್ದಾರೆ. ಮಾಧ್ಯಮ ಬದಲಾದರೆ ನಗು ನಿಲ್ಲುತ್ತಾ? ಈಗ ಒಂದು ಪಿರಿಯಡ್ಡಿನಲ್ಲಿ ಸುಮ್ಮನಿರೋ ಮಗು ಆಗ ಗಣಿತ, ವಿಜ್ಞಾನದಲ್ಲೂ ಸುಮ್ಮನಾಗುತ್ತದೆ, ಅಷ್ಟೇ.

ಬೇಕಾಗಿರೋದು ದೊಡ್ಡ ಯೋಜನೆಯಲ್ಲ. ಇಡೀ ತರಗತಿಯ ಮುಂದೆ ನಿಲ್ಲಿಸೋ ಮೊದಲು ಪಕ್ಕದವನ ಜೊತೆ ಎರಡು ಮಾತಾಡಲು ಬಿಡಿ. ವಾಕ್ಯ ಮುಗಿಯೋ ತನಕ ತಿದ್ದಬೇಡಿ. ನಗೋರನ್ನು ಗದರಿಸಿ, ತಪ್ಪಿದವನನ್ನಲ್ಲ. ಇಂಟರ್‌ವ್ಯೂ ಮಾಡೋ ಗೆಳೆಯರೇ, ನಿಮಗೂ ಇದು ಅನ್ವಯಿಸುತ್ತದೆ. ಉಚ್ಚಾರಣೆ ಬಿಟ್ಟು ಉತ್ತರ ಕೇಳಿ.

ವಿದೇಶಿಯೊಬ್ಬ ತೊದಲುತ್ತಾ ‘ನಮಸ್ಕಾರ’ ಅಂದರೆ ವಿಡಿಯೋ ಮಾಡಿ ಹಂಚಿಕೊಂಡು ಚಪ್ಪಾಳೆ ತಟ್ಟುವವರು ನಾವು. ನಮ್ಮದೇ ಹುಡುಗನ ‘ಇಸ್ಕೂಲ್’ಗೆ ಅದರಲ್ಲಿ ಕಾಲುಭಾಗ ತಾಳ್ಮೆಯನ್ನಾದರೂ ತೋರಿಸಬಾರದೇ?