‘ಇನ್ನು ಮುಗೀತು’ ಅನ್ನುವ ಮುನ್ನ

ನಮ್ಮ ಚರ್ಚಿನಲ್ಲಿ ಏನೇ ಬದಲಾದರೂ ಮೊದಲು ಕೇಳಿಸುವ ಮಾತು ‘ಇನ್ನು ಮುಗೀತು’. ಹೊಸ ಪಾದ್ರಿ ಬಂದರೂ ಅದೇ, ಆರಾಧನೆಯ ಸಮಯ ಬದಲಾದರೂ ಅದೇ. ಹಿರಿಯರಷ್ಟೇ ಅಲ್ಲ, ನನ್ನ ವಯಸ್ಸಿನವರೂ ಹೀಗೆನ್ನುವಾಗ ನನಗೆ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ ಹುಟ್ಟಿದ ಕತೆ ನೆನಪಾಗುತ್ತದೆ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಯ ಸಭೆಗಳು ಒಂದಾದವು. ಬಿಷಪ್ ಇರಲೇಬೇಕು ಎನ್ನುವವರೂ ಬಿಷಪ್ಪರಿಲ್ಲದೆ ನಡೆದುಬಂದವರೂ ಒಂದೇ ಸೂರಿನಡಿ ಬರಬೇಕಿತ್ತು. ತಮ್ಮತನ ಕಳೆದುಹೋದೀತೆಂಬ ಭಯ ಸಹಜವೇ. ಆಂಧ್ರದ ನಂದ್ಯಾಲದ ಆಂಗ್ಲಿಕನ್ನರಲ್ಲಿ ಹಲವರು ಆಗ ಹೊರಗೇ ಉಳಿದರು, ಸೇರಿದ್ದು 1975ರಲ್ಲಿ. ತಡವಾಯಿತು, ಆದರೆ ಬಾಗಿಲು ಮುಚ್ಚಿರಲಿಲ್ಲ. ಅದೇ ನಂದ್ಯಾಲಕ್ಕೆ 2013ರಲ್ಲಿ ಪುಷ್ಪಾ ಲಲಿತಾ ಬಿಷಪ್ ಆದರು. ಸಿಎಸ್‌ಐನ ಮೊದಲ ಮಹಿಳಾ ಬಿಷಪ್ ಅವರೇ.

ಹಾಗಂತ ಎಲ್ಲದಕ್ಕೂ ತಲೆಯಾಡಿಸಬೇಕಿಲ್ಲ. ವಾರ್ಷಿಕ ಕೂಟದಲ್ಲಿ ಎದ್ದು ನಿಂತು ಪ್ರಶ್ನೆ ಕೇಳೋಣ, ಲೆಕ್ಕವನ್ನೂ ಕೇಳೋಣ. ಆದರೆ ಗೇಟಿನ ಬಳಿ ಗೊಣಗಿ ಮನೆಗೆ ಹೋದರೆ ಏನೂ ಸರಿಹೋಗದು. ಭಾನುವಾರ ಮಕ್ಕಳಿಗೆ ಪಾಠ ಹೇಳಲು, ಹಾಡಲು, ಕಾಯಿಲೆಯವರ ಮನೆಗೆ ಹೋಗಿಬರಲು ಜನ ಬೇಕಲ್ಲ? ಆ ಕೆಲಸಕ್ಕೆ ಹೆಸರು ಕೊಡುವುದೇ ನನ್ನ ಲೆಕ್ಕದಲ್ಲಿ ವಿಶ್ವಾಸ.

ಕೆಲಸ ಹುಡುಕುವ ನಮಗೆ ‘ಮುಗೀತು’ ಎನ್ನುವವರು ಹೊರಗೆ ಬೇಕಾದಷ್ಟಿದ್ದಾರೆ. ಪ್ರಾರ್ಥನೆಗೆಂದು ಸೇರುವ ಜಾಗದಲ್ಲೂ ಅದನ್ನೇ ಕೇಳಬೇಕಾದರೆ ಧೈರ್ಯಕ್ಕೆ ಎಲ್ಲಿಗೆ ಹೋಗೋಣ?